ಮೀಟಿಯಾರ್ 350ರ ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡನ್ನು ಮನೆಯಲ್ಲೇ ಹೊಂದಿಸುವ ಕ್ರಮ ಯಾವುದು?

ಪ್ರಶ್ನೆ: ತೀರ್ಥಹಳ್ಳಿಯ ಸವಾರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ರಾಯಲ್ ಎನ್‌ಫೀಲ್ಡ್ ಮೀಟಿಯಾರ್ 350 ಇದೆ. ವಾರದ ದಿನಗಳಲ್ಲಿ ಒಬ್ಬನೇ ಕೆಲಸಕ್ಕೆ ಹೋಗಿ ಬರುತ್ತೇನೆ. ಬಿಡುವಾದಾಗ ಪತ್ನಿಯನ್ನು ಕೂರಿಸಿಕೊಂಡು, ಹಿಂದೆ ಒಂದು ಚೀಲವನ್ನು ಕಟ್ಟಿಕೊಂಡು, ಆಗುಂಬೆ ಘಾಟಿಯನ್ನು ಇಳಿದು ಹೆಬ್ರಿಯ ಮೇಲೆ ಉಡುಪಿಗೆ ಹೋಗುವ ರೂಢಿಯಿದೆ. ನನ್ನ ತೂಕ 68 ಕಿಲೋ, ಪತ್ನಿಯದು 55 ಕಿಲೋ, ಚೀಲದ್ದು ಸುಮಾರು 12 ಕಿಲೋ.

ಹಿಂದಿನ ಶಾಕುಗಳ ಪ್ರೀಲೋಡ್, ಅಂದರೆ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಒತ್ತಿಡುವ ಪ್ರಮಾಣ, ಮೊದಲು ಆರು ಹಂತಗಳಲ್ಲಿ ಎರಡನೆಯದರಲ್ಲಿತ್ತು. ಒಬ್ಬನೇ ಹೋಗುವಾಗ ಯಾವ ತೊಂದರೆಯೂ ಇರಲಿಲ್ಲ, ಆದರೆ ಇಬ್ಬರು ಕೂತು ಹಂಪಿನ ಮೇಲೆ ಹೋದರೆ ಹಿಂದಿನಿಂದ ಧಡ್ ಎಂಬ ಪೆಟ್ಟು ಬೀಳುತ್ತಿತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರು ಎರಡೂ ಕಡೆಯ ಶಾಕನ್ನು ಕೊನೆಯ ಹಂತಕ್ಕೆ, ಅಂದರೆ ಆರಕ್ಕೆ, ತಿರುಗಿಸಿ ಕೊಟ್ಟು, ಇನ್ನು ಮುಂದೆ ಇದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂದು ಹೇಳಿದರು. ಈಗ ಇಬ್ಬರಿದ್ದಾಗ ಪೆಟ್ಟು ಬಹುಮಟ್ಟಿಗೆ ನಿಂತಿದೆ. ಆದರೆ ಒಬ್ಬನೇ ಹೋಗುವಾಗ ಗುಂಡಿಯ ಅಂಚಿನಲ್ಲಿ ಹಿಂದಿನ ಚಕ್ರ ಪುಟಿಯುತ್ತದೆ, ಒಂದು ಬಗೆಯ ಟಕ್ ಎಂಬ ಸದ್ದು ಕೇಳುತ್ತದೆ, ಸೊಂಟಕ್ಕೂ ನೋವಾಗುತ್ತದೆ.

ಭಾರ ಬದಲಾದಾಗಲೆಲ್ಲ ಗ್ಯಾರೇಜಿಗೆ ಹೋಗುವುದು ಸಾಧ್ಯವಿಲ್ಲವಾದ್ದರಿಂದ ಈ ಕೆಲಸವನ್ನು ಮನೆಯಲ್ಲೇ ಕಲಿಯಬೇಕೆಂದಿದ್ದೇನೆ. ಯಾವ ಭಾರಕ್ಕೆ ಯಾವ ಹಂತ ಎಂಬುದನ್ನು ಅಂದಾಜಿನಿಂದಲ್ಲದೆ ಅಳತೆಯಿಂದ ತೀರ್ಮಾನಿಸುವ ಕ್ರಮವಿದೆಯೇ? ಹಂತವನ್ನು ಬದಲಿಸುವ ಕಾಲರನ್ನು (ಸ್ಪ್ರಿಂಗಿನ ತುದಿಯ ಉಂಗುರವನ್ನು) ತಿರುಗಿಸುವಾಗ ಯಾವ ಎಚ್ಚರಿಕೆಗಳು ಬೇಕು? ಹಂತವನ್ನು ಬದಲಿಸಿದಾಗ ಚೈನನ್ನೂ ಮತ್ತೆ ಹೊಂದಿಸಬೇಕೇ?

ಉತ್ತರ: ಮೈಸೂರಿನ ನಿವೃತ್ತ ಇಂಜಿನಿಯರ್

ಮಾನ್ಯರೇ, ಅಳತೆಯಿಂದ ತೀರ್ಮಾನಿಸುವ ಕ್ರಮ ಖಂಡಿತ ಇದೆ, ಅದಕ್ಕೆ ಬೇಕಾದದ್ದು ಒಂದು ಅಳತೆ ಟೇಪು ಮತ್ತು ಇಬ್ಬರು ಸಹಾಯಕರು ಮಾತ್ರ. ಅದಕ್ಕೂ ಮೊದಲು ಪ್ರೀಲೋಡ್ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಬೇಕು. ನಿಮ್ಮ ಮೆಕ್ಯಾನಿಕ್ ಅವರ ಸಲಹೆಯ ಹಿಂದೆ ಬಹಳ ಜನರಲ್ಲಿರುವ ಒಂದು ತಪ್ಪು ಕಲ್ಪನೆಯಿದೆ: ಹಂತವನ್ನು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು.

ಸ್ಪ್ರಿಂಗಿನ ಗಡಸುತನವು ಅದರ ತಂತಿಯ ದಪ್ಪ, ಸುರುಳಿಯ ವ್ಯಾಸ ಮತ್ತು ಸುರುಳಿಗಳ ಸಂಖ್ಯೆಯಿಂದ ನಿರ್ಧಾರವಾಗುತ್ತದೆಯೇ ಹೊರತು ಕಾಲರಿನಿಂದಲ್ಲ. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಸ್ಪ್ರಿಂಗನ್ನು 1 ಮಿ.ಮೀ. ಒತ್ತಲು 2 ಕಿಲೋ ಭಾರ ಬೇಕು ಎಂದುಕೊಂಡರೆ ಎರಡಕ್ಕೂ ಸೇರಿ 4 ಕಿಲೋ ಬೇಕಾಗುತ್ತದೆ. ಕಾಲರಿನಿಂದ ಎರಡನ್ನೂ 10 ಮಿ.ಮೀ. ಮೊದಲೇ ಒತ್ತಿ ಇಟ್ಟಿದ್ದರೆ, ಮೇಲಿನಿಂದ 40 ಕಿಲೋ ಭಾರ ಬೀಳುವವರೆಗೆ ಶಾಕ್ ಅಲುಗಾಡುವುದಿಲ್ಲ. ಆದರೆ 40 ಕಿಲೋ ದಾಟಿದ ಮೇಲೆ ಪ್ರತಿ ಮಿಲಿಮೀಟರಿಗೆ ಮೊದಲಿನಂತೆಯೇ 4 ಕಿಲೋ ಸಾಕು. ಹಾಗಾಗಿ ಪ್ರೀಲೋಡಿನಿಂದ ಬದಲಾಗುವುದು ಒಂದು ನಿರ್ದಿಷ್ಟ ಭಾರಕ್ಕೆ ಗಾಡಿಯ ಹಿಂಭಾಗ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ.

ಆ ಎತ್ತರ ಮೀಟಿಯಾರಿನಂಥ ತಗ್ಗು ಸೀಟಿನ ಕ್ರೂಸರಿನಲ್ಲಿ ಬೇರೆ ಗಾಡಿಗಳಿಗಿಂತ ಹೆಚ್ಚು ಮುಖ್ಯವಾಗಲು ಕಾರಣವಿದೆ. ಮೀಟಿಯಾರಿನ ಸೀಟು ನೆಲದಿಂದ 765 ಮಿ.ಮೀ. ಎತ್ತರದಲ್ಲಿದೆ. ಸೀಟು ಹೀಗೆ ತಗ್ಗಾಗಿರಬೇಕಾದರೆ ಹಿಂದಿನ ಚಕ್ರ ಮೇಲಕ್ಕೂ ಕೆಳಕ್ಕೂ ಚಲಿಸುವ ದೂರವನ್ನೂ ಕಡಿಮೆ ಇಡಬೇಕಾಗುತ್ತದೆ, ಸಾಮಾನ್ಯವಾಗಿ ಇಂಥ ಗಾಡಿಗಳಲ್ಲಿ ಅದು 100 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಜೊತೆಗೆ ಫುಟ್‌ರೆಸ್ಟ್‌ಗಳು ಮುಂದಕ್ಕಿರುವುದರಿಂದ ಸವಾರನ ಭಾರ ಹಿಂದಕ್ಕೆ ಬೀಳುತ್ತದೆ, ಗುಂಡಿ ಎದುರಾದಾಗ ಕಾಲಿನ ಮೇಲೆ ಸ್ವಲ್ಪ ಎದ್ದು ನಿಲ್ಲುವುದಕ್ಕೂ ಆಗುವುದಿಲ್ಲ. ಹಿಂದೆ ಕೂರುವವರ ಭಾರವಂತೂ ಬಹುತೇಕ ಪೂರ್ತಿಯಾಗಿ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಹಿಂದಿನ ಚಕ್ರದ ಆಕ್ಸಲಿಗಿಂತ (ಅಚ್ಚಿಗಿಂತ) ಹಿಂದೆ ಕಟ್ಟಿದ ಚೀಲವು ಸನ್ನೆಗೋಲಿನಂತೆ ವರ್ತಿಸಿ, ಮುಂದಿನ ಚಕ್ರದ ಭಾರವನ್ನು ಸ್ವಲ್ಪ ತಗ್ಗಿಸಿ, ಹಿಂದಕ್ಕೆ ತನ್ನ ತೂಕಕ್ಕಿಂತಲೂ ಹೆಚ್ಚಿನ ಭಾರ ಹಾಕುತ್ತದೆ. ಒಬ್ಬರಿಗೂ ಇಬ್ಬರಿಗೂ ಒಂದೇ ಹಂತ ಸಾಲದಿರುವುದು ಇದರಿಂದಲೇ.

ಇನ್ನು ಅಳತೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ಗಾಳಿಯಲ್ಲಿ ತೂಗುವಂತೆ ಮಾಡಿ. ಚಕ್ರ ನೆಲಕ್ಕೆ ತಾಗುತ್ತಿದ್ದರೆ ಸ್ಟ್ಯಾಂಡಿನ ಕೆಳಗೆ ಒಂದು ಗಟ್ಟಿ ಹಲಗೆಯನ್ನು ಇಡಿ. ಆಕ್ಸಲಿನ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಮೇಲೆ ಕಾಗದದ ಟೇಪನ್ನು ಅಂಟಿಸಿ ಒಂದು ಗೆರೆ ಎಳೆಯಿರಿ. ಆಕ್ಸಲಿನಿಂದ ಆ ಗೆರೆಗಿರುವ ದೂರವೇ ಮೊದಲ ಅಳತೆ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಮುಂದಿನಿಂದ ನೇರವಾಗಿ ಹಿಡಿದಿರುವಾಗ, ಯಾರೂ ಕೂರದೆ ಅದೇ ದೂರವನ್ನು ಅಳೆಯಿರಿ. ಕೊನೆಗೆ ನೀವು ಸವಾರಿಯ ಉಡುಪಿನಲ್ಲೇ, ಹೆಲ್ಮೆಟ್ಟನ್ನೂ ಧರಿಸಿ, ಎರಡೂ ಕಾಲುಗಳನ್ನು ಫುಟ್‌ರೆಸ್ಟ್ ಮೇಲೆ ಇಟ್ಟು ಕೂತಾಗ ಇನ್ನೊಬ್ಬರು ಅಳೆಯಬೇಕು. ಪತ್ನಿಯವರನ್ನೂ ಚೀಲವನ್ನೂ ಸೇರಿಸಿ ಮತ್ತೊಮ್ಮೆ ಅಳೆಯಿರಿ. ಮೊದಲ ಅಳತೆಯಿಂದ ಉಳಿದ ಒಂದೊಂದನ್ನೂ ಕಳೆದರೆ ಆಯಾ ಭಾರಕ್ಕೆ ಗಾಡಿ ಎಷ್ಟು ಕುಸಿದಿದೆ ಎಂಬುದು ಸಿಗುತ್ತದೆ.

ಶಾಕಿನ ಒಳಗಿನ ಸೀಲುಗಳ ಘರ್ಷಣೆಯಿಂದಾಗಿ ಗಾಡಿ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಒಮ್ಮೆ ಹಿಂಭಾಗವನ್ನು ಮೆಲ್ಲಗೆ ಎತ್ತಿ ಬಿಟ್ಟು, ಇನ್ನೊಮ್ಮೆ ಮೆಲ್ಲಗೆ ಒತ್ತಿ ಬಿಟ್ಟು ಅಳೆದು, ಎರಡರ ಸರಾಸರಿಯನ್ನು ಬರೆದುಕೊಳ್ಳಬೇಕು. ಅಳತೆಯನ್ನು ಶಾಕಿನ ಉದ್ದಕ್ಕೆ ತೆಗೆದುಕೊಳ್ಳದೆ ಆಕ್ಸಲಿನಿಂದಲೇ ತೆಗೆದುಕೊಳ್ಳಿ. ಶಾಕ್ ವಾಲಿಕೊಂಡು ಕೂತಿರುವುದರಿಂದ ಅದರ ಚಲನೆಯೂ ಚಕ್ರದ ಚಲನೆಯೂ ಒಂದೇ ಆಗಿರುವುದಿಲ್ಲ.

ಸವಾರ ಕೂತಾಗ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿತವಿರಬೇಕು ಎಂಬುದು ರಸ್ತೆಯ ಗಾಡಿಗಳಿಗೆ ಬಳಕೆಯಲ್ಲಿರುವ ಲೆಕ್ಕ. 100 ಮಿ.ಮೀ. ಚಲನೆಗೆ ಅದು 25ರಿಂದ 33 ಮಿ.ಮೀ. ಆಗುತ್ತದೆ. ಇಬ್ಬರು ಕೂತಾಗ 40ರವರೆಗೆ ಹೋದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಯಾರೂ ಕೂರದಿದ್ದಾಗಲೂ ಗಾಡಿ ತನ್ನದೇ ಭಾರಕ್ಕೆ ಕೆಲವು ಮಿಲಿಮೀಟರಾದರೂ ಕುಸಿಯಬೇಕು. ನಿಮಗೆ ಕೇಳಿಸುತ್ತಿರುವ ಟಕ್ ಸದ್ದಿನ ಮೂಲ ಅಲ್ಲಿರಬಹುದು. ದಯವಿಟ್ಟು ಎರಡನೆಯ ಮತ್ತು ಆರನೆಯ ಹಂತಗಳಲ್ಲಿ ಅಳತೆ ತೆಗೆದು ಇಲ್ಲಿ ಬರೆಯಿರಿ.

ಉತ್ತರ: ಹುಬ್ಬಳ್ಳಿ ಗ್ಯಾರೇಜು

ಮೇಲಿನ ವಿವರಣೆ ಸರಿಯಾಗಿದೆ. ನಾನು ಕೈಕೆಲಸದ ಬಗ್ಗೆ ಬರೆಯುತ್ತೇನೆ.

ಮೊದಲು ಗಾಡಿ ಪೂರ್ತಿ ಆರಿರಲಿ. ಮೀಟಿಯಾರಿನ ಸೈಲೆನ್ಸರ್ ಬಲಗಡೆಯಲ್ಲಿದೆ, ಸವಾರಿ ಮುಗಿಸಿ ಬಂದ ಕೂಡಲೇ ಬಲಗಡೆಯ ಶಾಕಿಗೆ ಕೈ ಹಾಕಿದರೆ ಮೊಣಕೈ ಸುಡುತ್ತದೆ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡಿನಲ್ಲಿಟ್ಟು ಈ ಕೆಲಸವನ್ನು ಮಾಡಲೇಬಾರದು. ಸೈಡ್ ಸ್ಟ್ಯಾಂಡಿನಲ್ಲಿ ಸ್ಪ್ರಿಂಗಿನ ಮೇಲೆ ಗಾಡಿಯ ಭಾರ ಕೂತಿರುವುದರಿಂದ ಕಾಲರ್ ಬಿಗಿಯಾಗಿರುತ್ತದೆ, ನೀವು ಸ್ಪ್ಯಾನರನ್ನು ಎಳೆಯುವ ರಭಸಕ್ಕೆ ಗಾಡಿಯೇ ಮಗುಚಬಹುದು. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ತನ್ನಿಂದಾದಷ್ಟು ಚಾಚಿಕೊಂಡಿರುತ್ತದೆ, ತಿರುಗಿಸುವುದು ಸುಲಭವಾಗುತ್ತದೆ.

ಸ್ಪ್ರಿಂಗಿನ ತುದಿಯಲ್ಲಿರುವ ಕಾಲರನ್ನು ಗಮನಿಸಿದರೆ ಅದರ ಅಂಚು ಮೆಟ್ಟಿಲುಗಳಂತೆ ಕತ್ತರಿಸಿರುವುದು ಕಾಣುತ್ತದೆ, ಒಂದು ಮೆಟ್ಟಿಲು ಶಾಕಿನ ಮೈಮೇಲಿನ ಮುಳ್ಳಿನ ಮೇಲೆ ಕೂತಿರುತ್ತದೆ. ಸ್ಪ್ರಿಂಗನ್ನು ಅತಿ ಕಡಿಮೆ ಒತ್ತುವ ಮೆಟ್ಟಿಲು ಒಂದನೇ ಹಂತ, ಅತಿ ಹೆಚ್ಚು ಒತ್ತುವುದು ಆರನೆಯದು. ಯಾವ ದಿಕ್ಕಿಗೆ ತಿರುಗಿಸಿದರೆ ಏರುತ್ತದೆ ಎಂಬುದನ್ನು ಯಾರನ್ನೂ ಕೇಳುವ ಅಗತ್ಯವಿಲ್ಲ, ಮೆಟ್ಟಿಲುಗಳ ಇಳಿಜಾರೇ ಅದನ್ನು ತೋರಿಸುತ್ತದೆ. ಕೆಲಸಕ್ಕೆ ಮುಂಚೆ ಎರಡೂ ಕಡೆಯ ಕಾಲರುಗಳ ಫೋಟೋ ತೆಗೆದುಕೊಳ್ಳಿ. ನೀವಿರುವುದು ಮಲೆನಾಡಿನಲ್ಲಿ, ಮಳೆಗಾಲದ ಕೆಸರು ಮೆಟ್ಟಿಲುಗಳ ಸಂದಿಯಲ್ಲಿ ಒಣಗಿ ಸಿಮೆಂಟಿನಷ್ಟು ಗಟ್ಟಿಯಾಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ನೀರು ಹಾಕಿ ಅದನ್ನು ತೊಳೆಯದೆ ಕಾಲರನ್ನು ತಿರುಗಿಸಿದರೆ ಆ ಮಣ್ಣು ಲೋಹ ಮತ್ತು ಬಣ್ಣ ಎರಡನ್ನೂ ತಿನ್ನುತ್ತದೆ. ಬಿಗಿಯಾಗಿದ್ದರೆ ಬಿಗಿ ಸಡಿಲಿಸುವ ಸ್ಪ್ರೇ ಎಣ್ಣೆಯಾದ ಡಬ್ಲ್ಯುಡಿ-40 ಸ್ವಲ್ಪ ಬಳಸಬಹುದು. ಆದರೆ ಅದನ್ನು ನೇರವಾಗಿ ಸಿಂಪಡಿಸದೆ ಬಟ್ಟೆಗೆ ಹಾಕಿ ಒರೆಸಿ, ಡಿಸ್ಕಿನ ಮೇಲಾಗಲಿ ಟೈರಿನ ಮೇಲಾಗಲಿ ಒಂದು ಹನಿಯೂ ಬೀಳಬಾರದು.

ಇದಕ್ಕೆ ಬೇಕಾದ ಉಪಕರಣ ಸಿ-ಸ್ಪ್ಯಾನರ್. ಅದರ ಕೊಕ್ಕೆ ಕಾಲರಿನ ಕಚ್ಚಿನಲ್ಲಿ ಪೂರ್ತಿಯಾಗಿ ಕೂರಬೇಕು ಮತ್ತು ಅದರ ಬಾಗು ಕಾಲರಿನ ಸುತ್ತಳತೆಗೆ ಹೊಂದಬೇಕು. ಸಣ್ಣ ಅಥವಾ ದೊಡ್ಡ ಅಳತೆಯದು ಬಳಸಿದರೆ ಜಾರಿ, ಕೈಯ ಗೆಣ್ಣುಗಳು ಸ್ವಿಂಗ್ ಆರ್ಮಿಗೋ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಸೈಲೆನ್ಸರಿಗೋ ಬಡಿಯುತ್ತವೆ. ಕೈಗವಸು ಹಾಕಿಕೊಳ್ಳಿ, ಸ್ಪ್ಯಾನರನ್ನು ದೂರಕ್ಕೆ ತಳ್ಳುವ ಬದಲು ನಿಮ್ಮ ಕಡೆಗೆ ಎಳೆಯಿರಿ. ಹಿಡಿ ಗಿಡ್ಡವಾಗಿದ್ದರೆ ಒಂದು ಕಬ್ಬಿಣದ ಪೈಪನ್ನು ಅದಕ್ಕೆ ತೊಡಿಸಬಹುದು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುವ ಅಭ್ಯಾಸ ಎಷ್ಟೋ ಕಡೆ ಇದೆ, ನನ್ನ ಬಳಿ ಬರುವ ಗಾಡಿಗಳಲ್ಲಿ ಕಚ್ಚುಗಳು ಮುರಿದ ಕಾಲರುಗಳನ್ನು ನೋಡಿದಾಗ ಬಹಳ ಬೇಸರವಾಗುತ್ತದೆ. ಕಚ್ಚು ಒಮ್ಮೆ ಮುರಿದರೆ ಮತ್ತೆ ಯಾವ ಸ್ಪ್ಯಾನರೂ ಅಲ್ಲಿ ನಿಲ್ಲುವುದಿಲ್ಲ.

ಒಂದೊಂದೇ ಹಂತವಾಗಿ ತಿರುಗಿಸಿ, ಪ್ರತಿ ಸಲವೂ ಮುಳ್ಳು ಮೆಟ್ಟಿಲಿನ ನಡುವಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಏರಿಸುವಾಗ ಕೊನೆಯ ಎರಡು ಹಂತಗಳಿಗೆ ಹೆಚ್ಚು ಬಲ ಬೇಕು. ಆರರಿಂದ ಎರಡಕ್ಕೆ ಬರುವಾಗ ಬಂದ ದಾರಿಯಲ್ಲೇ ಐದು, ನಾಲ್ಕು, ಮೂರು ಎಂದು ಹಿಂತಿರುಗಿ. ಆರನ್ನು ದಾಟಿಸಿ ಸುತ್ತಿನ ಮೂಲಕ ಒಂದಕ್ಕೆ ಬೀಳಿಸಲು ಹೋಗಬಾರದು, ಹಾಗೆ ಮಾಡಿದರೆ ಸ್ಪ್ರಿಂಗ್ ಒಮ್ಮೆಲೇ ಸಡಿಲಗೊಂಡು ಸ್ಪ್ಯಾನರ್ ಕೈಯಿಂದ ಸಿಡಿಯಬಹುದು. ಎಡ ಮತ್ತು ಬಲ ಶಾಕುಗಳು ಕಡ್ಡಾಯವಾಗಿ ಒಂದೇ ಹಂತದಲ್ಲಿರಬೇಕು. ಬೇರೆ ಬೇರೆ ಇದ್ದರೆ ಸ್ವಿಂಗ್ ಆರ್ಮಿನ ಮೇಲೆ ತಿರುಚುವ ಬಲ ಬೀಳುತ್ತದೆ.

ಈ ಕೆಲಸಕ್ಕಾಗಿ ಶಾಕಿನ ಯಾವ ಬೋಲ್ಟನ್ನೂ ಸಡಿಲಿಸಬೇಕಾಗಿಲ್ಲ. ಸ್ಪ್ರಿಂಗನ್ನು ಕಳಚುವ ಪ್ರಯತ್ನವನ್ನಂತೂ ಮನೆಯಲ್ಲಿ ಮಾಡಲೇಬೇಡಿ. ಒತ್ತಿಟ್ಟ ಸ್ಪ್ರಿಂಗ್ ಹಾರಿದರೆ ಮೂಳೆ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಕೈ ಹಾಕಿದಾಗಲೇ ಶಾಕಿನ ನಡುವಿನ ಹೊಳೆಯುವ ರಾಡನ್ನೂ ನೋಡಿಕೊಳ್ಳಿ. ಅದರ ಮೇಲೆ ಎಣ್ಣೆಯ ಪಸೆ ಕಂಡರೆ ಸೀಲು ಹೋಗಿದೆ ಎಂದು ಅರ್ಥ, ಆ ದೋಷವನ್ನು ಯಾವ ಹಂತವೂ ಸರಿಪಡಿಸುವುದಿಲ್ಲ.

ತೀರ್ಥಹಳ್ಳಿಯ ಸವಾರ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ತಮ್ಮನನ್ನೂ ಪತ್ನಿಯನ್ನೂ ಸಹಾಯಕ್ಕೆ ಕರೆದುಕೊಂಡು ನೀವು ಹೇಳಿದ ಕ್ರಮದಲ್ಲೇ ಅಳೆದಿದ್ದೇನೆ. ಸರಾಸರಿ ಕುಸಿತ ಹೀಗಿದೆ. ಎರಡನೇ ಹಂತದಲ್ಲಿ ಗಾಡಿ ತನ್ನ ಭಾರಕ್ಕೆ 13 ಮಿ.ಮೀ., ನಾನು ಕೂತಾಗ 30 ಮಿ.ಮೀ., ಇಬ್ಬರೂ ಚೀಲವೂ ಸೇರಿದಾಗ 54 ಮಿ.ಮೀ. ಕುಸಿಯುತ್ತದೆ. ಆರನೇ ಹಂತದಲ್ಲಿ ಅವೇ ಕ್ರಮವಾಗಿ 1, 18 ಮತ್ತು 42 ಮಿ.ಮೀ. ಆಗುತ್ತವೆ. ರಾಡುಗಳ ಮೇಲೆ ಎಣ್ಣೆಯ ಪಸೆ ಇಲ್ಲ. ಕಾಲರುಗಳ ಸಂದಿಯಲ್ಲಿ ಕೆಸರು ತುಂಬಾ ಇತ್ತು, ತೊಳೆದ ಮೇಲೆ ಸಲೀಸಾಗಿ ತಿರುಗಿದವು. ಈ ಅಂಕಿಗಳಿಂದ ಏನನ್ನು ತಿಳಿಯಬೇಕೆಂದು ದಯವಿಟ್ಟು ಹೇಳಿ.

ಉತ್ತರ: ಮೈಸೂರಿನ ನಿವೃತ್ತ ಇಂಜಿನಿಯರ್

ಬಹಳ ಅಚ್ಚುಕಟ್ಟಾಗಿ ಅಳೆದಿದ್ದೀರಿ, ಅಂಕಿಗಳು ಒಂದಕ್ಕೊಂದು ಹೊಂದುತ್ತವೆ. ನಾಲ್ಕು ಹಂತಗಳಲ್ಲಿ ಮೂರೂ ಅಳತೆಗಳು 12 ಮಿ.ಮೀ.ನಷ್ಟೇ ಬದಲಾಗಿವೆ, ಅಂದರೆ ಹಂತವೊಂದಕ್ಕೆ ಚಕ್ರದ ಬಳಿ 3 ಮಿ.ಮೀ. ನೀವು ಕೂತಾಗ ಹೆಚ್ಚಾದ ಕುಸಿತ ಎರಡೂ ಹಂತಗಳಲ್ಲಿ 17 ಮಿ.ಮೀ., ಪತ್ನಿ ಮತ್ತು ಚೀಲದಿಂದ ಹೆಚ್ಚಾದದ್ದು ಎರಡರಲ್ಲೂ 24 ಮಿ.ಮೀ. ಹಂತವನ್ನು ಏರಿಸಿದರೂ ಸ್ಪ್ರಿಂಗ್ ಗಟ್ಟಿಯಾಗಲಿಲ್ಲ ಎಂಬುದನ್ನು ನಿಮ್ಮದೇ ಟೇಪು ತೋರಿಸಿಕೊಟ್ಟಿದೆ.

ಆರನೇ ಹಂತದಲ್ಲಿ ಗಾಡಿ ತನ್ನ ಭಾರಕ್ಕೆ ಕೇವಲ 1 ಮಿ.ಮೀ. ಕುಸಿಯುತ್ತದೆ, ನೀವೊಬ್ಬರೇ ಕೂತಾಗ 18. ಚಕ್ರವು ಗುಂಡಿಯೊಳಕ್ಕೆ ಇಳಿಯಬೇಕಾದಾಗ ಶಾಕಿಗೆ ಕೆಳಕ್ಕೆ ಚಾಚಲು ಇರುವ ಅವಕಾಶ ಆ 18 ಮಿ.ಮೀ. ಮಾತ್ರ. ಅದಕ್ಕಿಂತ ಆಳದ ಗುಂಡಿಯಲ್ಲಿ ಶಾಕ್ ತನ್ನ ಪೂರ್ಣ ಉದ್ದಕ್ಕೆ ಚಾಚಿ ತುದಿಗೆ ಬಡಿಯುತ್ತದೆ, ಟೈರು ಕ್ಷಣಕಾಲ ನೆಲವನ್ನು ಬಿಡುತ್ತದೆ. ನೀವು ಕೇಳಿದ ಟಕ್ ಸದ್ದು ಅದೇ. ಘಾಟಿಯ ಒದ್ದೆ ತಿರುವಿನಲ್ಲಿ ಬ್ರೇಕ್ ಹಿಡಿದಿರುವಾಗ ಹೀಗಾಗುವುದು ಅಪಾಯಕರ, ಇದನ್ನು ಸೊಂಟನೋವಿನ ಸಮಸ್ಯೆ ಎಂದು ಮಾತ್ರ ನೋಡಬಾರದು.

ಹಾಗಾಗಿ ಒಬ್ಬರೇ ಇದ್ದಾಗ ನಿಸ್ಸಂಶಯವಾಗಿ ಎರಡನೇ ಹಂತ, ಇಬ್ಬರಿದ್ದಾಗ ಆರನೆಯದು. 42 ಮಿ.ಮೀ. ನಾನು ಹೇಳಿದ ಮಿತಿಗಿಂತ ತುಸು ಹೆಚ್ಚು. ಚೀಲವನ್ನು ಆಕ್ಸಲಿಗಿಂತ ಮುಂದಕ್ಕೆ ಬರುವಂತೆ ಪಕ್ಕದ ಚೀಲಗಳಾಗಿ ಹಂಚಿದರೆ ಅದು ಸ್ವಲ್ಪ ಇಳಿಯುತ್ತದೆ. ಆಗಲೂ ನಿಧಾನವಾಗಿ ಹಂಪು ದಾಟುವಾಗ ಶಾಕ್ ಪೂರ್ತಿ ಒತ್ತಿಹೋಗಿ ತಳ ಹೊಡೆದರೆ ಆ ಭಾರಕ್ಕೆ ಈ ಸ್ಪ್ರಿಂಗ್ ಮೆತ್ತಗಾಯಿತು ಎಂದೇ ತಿಳಿಯಬೇಕು. ಅದಕ್ಕೆ ಪರಿಹಾರ ಹೆಚ್ಚು ಗಡಸಿನ ಸ್ಪ್ರಿಂಗೇ ಹೊರತು ಇನ್ನಷ್ಟು ಪ್ರೀಲೋಡ್ ಅಲ್ಲ. ಟೈರಿನ ಗಾಳಿಯನ್ನೂ ಕೈಪಿಡಿಯಲ್ಲಿ ಇಬ್ಬರ ಭಾರಕ್ಕೆ ಕೊಟ್ಟಿರುವ ಒತ್ತಡಕ್ಕೆ, ಟೈರು ತಣ್ಣಗಿರುವಾಗಲೇ, ತುಂಬಿಸಿ. ಗಾಳಿ ಕಡಿಮೆಯಿದ್ದರೆ ಈ ಎಲ್ಲ ಅಳತೆಗಳ ಪ್ರಯೋಜನ ಕೈತಪ್ಪುತ್ತದೆ.

ಉತ್ತರ: ದೂರದಾರಿಯ ಸವಾರ, ಬೆಳಗಾವಿ

ಚೈನಿನ ಪ್ರಶ್ನೆ ಉಳಿದಿದೆ, ಅದರ ಜೊತೆಗೆ ಹೆಡ್‌ಲೈಟಿನ ವಿಷಯವನ್ನೂ ಸೇರಿಸುತ್ತೇನೆ.

ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಶಾಕ್ ಯಾವ ಹಂತದಲ್ಲಿದ್ದರೂ ಪೂರ್ಣವಾಗಿ ಚಾಚಿಕೊಂಡೇ ಇರುತ್ತದೆ, ಆದ್ದರಿಂದ ಆ ಸ್ಥಿತಿಯಲ್ಲಿ ಅಳೆದ ಚೈನಿನ ಸಡಿಲ ಪ್ರೀಲೋಡಿನಿಂದ ಬದಲಾಗುವುದಿಲ್ಲ. ಚಕ್ರ ನೆಲದ ಮೇಲಿರುವಾಗ ಅಳೆದರೆ ಮಾತ್ರ ಹಂತಕ್ಕೆ ತಕ್ಕಂತೆ ಅಂಕಿ ಸ್ವಲ್ಪ ವ್ಯತ್ಯಾಸವಾಗುತ್ತದೆ. ಕೈಪಿಡಿಯಲ್ಲಿ ಗಾಡಿಯನ್ನು ಹೇಗೆ ನಿಲ್ಲಿಸಿ ಅಳೆಯಲು ಹೇಳಿದೆಯೋ ಹಾಗೆಯೇ ಅಳೆಯಿರಿ, ಹಂತ ಬದಲಿಸಿದಾಗಲೆಲ್ಲ ಆಕ್ಸಲನ್ನು ಸಡಿಲಿಸುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಇನ್ನೊಂದಿದೆ. ಮುಂದಿನ ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮಿನ ತಿರುಗಣೆ ಮತ್ತು ಹಿಂದಿನ ಆಕ್ಸಲ್ ಒಂದೇ ಸಾಲಿಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗುತ್ತದೆ, ಭಾರ ಹೆಚ್ಚಾದಷ್ಟೂ ಗಾಡಿ ಆ ಸ್ಥಿತಿಯ ಕಡೆಗೆ ಸರಿಯುತ್ತದೆ. ಒಬ್ಬರೇ ಓಡಾಡುವಾಗ ಸರಿಯೆನಿಸಿದ ತೀರಾ ಬಿಗಿಯಾದ ಚೈನ್ ಇಬ್ಬರು ಕೂತು ಹಂಪು ಹತ್ತಿದಾಗ ಸ್ಪ್ರಾಕೆಟ್ಟಿನ ಬೇರಿಂಗನ್ನೇ ಎಳೆಯತೊಡಗುತ್ತದೆ. ಸಡಿಲವನ್ನು ಕೈಪಿಡಿಯಲ್ಲಿ ಹೇಳಿದ ವ್ಯಾಪ್ತಿಯ ಹೆಚ್ಚಿನ ತುದಿಯ ಕಡೆಗೆ ಇಟ್ಟುಕೊಳ್ಳುವುದು ಇಬ್ಬರ ಸವಾರಿಗೆ ಒಳ್ಳೆಯದು.

ಹೆಡ್‌ಲೈಟಿಗೆ ಬಂದರೆ, ಮೀಟಿಯಾರಿನ ಎರಡು ಆಕ್ಸಲುಗಳ ನಡುವಿನ ದೂರ 1400 ಮಿ.ಮೀ. ಪತ್ನಿ ಮತ್ತು ಚೀಲದ ಭಾರಕ್ಕೆ ನಿಮ್ಮ ಗಾಡಿಯ ಹಿಂಭಾಗ 24 ಮಿ.ಮೀ. ಇಳಿಯುತ್ತದೆಯಲ್ಲವೇ? ಮುಂಭಾಗ ಅಲ್ಲೇ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, 25 ಮೀಟರ್ ದೂರದಲ್ಲಿ ಬೆಳಕು ಸುಮಾರು 43 ಸೆಂ.ಮೀ. ಮೇಲಕ್ಕೆ ಹೋಗುತ್ತದೆ. ಘಾಟಿಯಲ್ಲಿ ಎದುರಿಗೆ ಬರುವ ಬಸ್ಸಿನ ಚಾಲಕರ ಕಣ್ಣಿಗೆ ನೇರವಾಗಿ ಬೀಳಲು ಅಷ್ಟು ಸಾಕು. ಎರಡರಿಂದ ಆರಕ್ಕೆ ಹೋದಾಗ ಇದರಲ್ಲಿ ಅರ್ಧ ಸರಿಯಾಗುತ್ತದೆ. ಉಳಿದರ್ಧಕ್ಕೆ ಹೆಡ್‌ಲೈಟನ್ನೇ ತುಸು ಕೆಳಕ್ಕೆ ಬಾಗಿಸಬೇಕು. ಸಂಜೆ ಹೊತ್ತು ಇಬ್ಬರೂ ಚೀಲದೊಂದಿಗೆ ಕೂತು, ಒಂದು ಗೋಡೆಯ ಎದುರು ಡಿಪ್ ಬೆಳಕಿನ ಮೇಲಂಚನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ನೀವೊಬ್ಬರೇ ಎರಡನೇ ಹಂತದಲ್ಲಿ ಕೂತಾಗಿನ ಗುರುತಿಗೆ ಅದನ್ನು ಇಳಿಸಿದರೆ ಸಾಕು. ಎರಡೂ ಸಲ ಗಾಡಿ ಗೋಡೆಯಿಂದ ಅಷ್ಟೇ ದೂರದಲ್ಲಿರಬೇಕು.

ಕೊನೆಯದಾಗಿ, ಆರನೇ ಹಂತದಲ್ಲಿ ಗಾಡಿಯನ್ನು ಬರಿದಾಗಿ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಹಿಂಭಾಗ ಎತ್ತರವಿರುವುದರಿಂದ ಅದು ಎಡಕ್ಕೆ ಹೆಚ್ಚು ವಾಲುತ್ತದೆ. ಉಡುಪಿಗೆ ತಲುಪಿ ಚೀಲವನ್ನು ಬಿಚ್ಚುವಾಗ ಮೆತ್ತನೆಯ ಮರಳು ನೆಲವಿದ್ದರೆ ಸೈಡ್ ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲನ್ನು ಇಡಿ, ಇಲ್ಲವೇ ಗಟ್ಟಿ ನೆಲ ನೋಡಿ ಸೆಂಟರ್ ಸ್ಟ್ಯಾಂಡ್ ಹಾಕಿ.